ಹೃದಯಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವವನ್ನು ತಗ್ಗಿಸುವ ಔಷಧಗಳ ಪೂರ್ವವೃತ್ತ

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಶೋಣಿತವರ್ಣನೀಯವೆಂಬ ಹದಿನಾಲ್ಕನೆಯ ಅಧ್ಯಾಯವಿರುವುದಷ್ಟೆ. ಸುರಿಯುವ ರಕ್ತವನ್ನು ನಿಲ್ಲಿಸುವ ಉಪಾಯಗಳು ನಾಲ್ಕೆಂದು ಅದರ ಕೊನೆಯಲ್ಲಿ ಎಣಿಸಿದೆ: ಸಂಧಾನ, ಸ್ಕಂದನ, ಪಾಚನ, ದಹನ. ಒಗರಾದ ದ್ರವ್ಯಗಳಿಂದ ಗಾಯದ ಬಾಯನ್ನು ಕೂಡಿಸುವುದು ಸಂಧಾನ. ತಂಪಿನಿಂದ ರಕ್ತವನ್ನು ಹೆಪ್ಪುಗಟ್ಟಿಸುವುದು ಸ್ಕಂದನ. ಭಸ್ಮವನ್ನು ಹಾಕಿ ಪಕ್ವಗೊಳಿಸುವುದು ಪಾಚನ. ಸುಟ್ಟು ಸಿರೆಯನ್ನು ಸಂಕೋಚಗೊಳಿಸುವುದು ದಹನ. ಮೊದಲ ಮೂರೂ ಫಲಿಸದೆ ಹೋದಲ್ಲಿ ಮಾತ್ರ ನಾಲ್ಕನೆಯದಕ್ಕೆ ಕೈಯಿಡತಕ್ಕದ್ದೆಂದು ಕ್ರಮವನ್ನೂ ಹೇಳಿದೆ. ಈ ಲೇಖಕನು ವೈದ್ಯನಲ್ಲ; ವ್ಯಾಕರಣ ಸಾಹಿತ್ಯಗಳನ್ನು ಓದಿ ಅವನ್ನೇ ಪಾಠ ಹೇಳಿಕೊಂಡು ಬಂದವನು. ಆದರೆ ಪಾಠಶಾಲೆಯಲ್ಲಿದ್ದಾಗ ಆಯುರ್ವೇದದ ಸಹಪಾಠಿಗಳ ಪಕ್ಕದಲ್ಲಿ ಕುಳಿತು ಈ ಅಧ್ಯಾಯವನ್ನು ಕೇಳಿದ್ದುಂಟು. ಆ ನಾಲ್ಕು ಹೆಸರುಗಳು ಇಂದಿಗೂ ಬಾಯಲ್ಲಿವೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳೊಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ ನಡೆಯಿತು. ರಕ್ತವು ಹೆಚ್ಚಾಗಿ ಹೋಗದಂತೆ ಒಂದು ಮದ್ದನ್ನು ಸಿರೆಯ ಮೂಲಕ ಕೊಡುವೆವೆಂದು ತರುಣ ವೈದ್ಯರೊಬ್ಬರು ತಿಳಿಸಿದಾಗ, ಅದು ಸ್ಕಂದನವೋ ಸಂಧಾನವೋ ಎಂದು ನಾನು ಕುತೂಹಲದಿಂದ ಕೇಳಿದೆನು. ಅವರು ನಕ್ಕು, “ಎರಡೂ ಅಲ್ಲ, ಸ್ವಾಮಿ. ಈ ಮದ್ದು ರಕ್ತವನ್ನು ಹೆಪ್ಪುಗಟ್ಟಿಸುವುದೇ ಇಲ್ಲ. ಕಟ್ಟಿದ ಹೆಪ್ಪು ಕರಗದಂತೆ ಕಾಯುತ್ತದೆ, ಅಷ್ಟೆ” ಎಂದರು. ಹಾಗಾದರೆ ಇದು ಸುಶ್ರುತನ ಎಣಿಕೆಗೆ ಸೇರದ ಐದನೆಯ ಉಪಾಯವಾಯಿತು. ಇದರ ಚರಿತ್ರೆಯನ್ನು ತಿಳಿಯಬೇಕೆಂಬ ಆಶೆಯಿಂದ ಬಲ್ಲವರನ್ನು ಕೇಳಿ, ಸಿಕ್ಕಿದ ಲೇಖನಗಳನ್ನು ಅವರ ನೆರವಿನಿಂದಲೇ ಓದಿದೆನು. ಹಾಗೆ ಓದುತ್ತ ಹೋದಾಗ ಗ್ರಂಥಸಂಪಾದನೆಯ ಕೆಲಸ ಮಾಡುವ ನಮ್ಮಂಥವರಿಗೆ ಬಹು ಪರಿಚಿತವಾದ ಒಂದು ದೋಷವು, ಅಂದರೆ ಪೂರ್ವಪಕ್ಷವನ್ನು ಓದದೆ ಸಿದ್ಧಾಂತಕ್ಕೆ ಹೊರಡುವ ದೋಷವು, ಮತ್ತೆ ಮತ್ತೆ ಕಾಣಿಸಿಕೊಂಡಿತು. ನಮ್ಮಲ್ಲಿ ಅದರಿಂದ ಒಂದು ಪಾಠಾಂತರ ಕೆಡಬಹುದು. ಅಲ್ಲಿ ಅದರ ಬೆಲೆಯನ್ನು ರೋಗಿಗಳು ತೆತ್ತರು. ಈ ಪತ್ರಿಕೆಯ ವಾಚಕರ ಮುಂದೆ ಈ ವಿಷಯವನ್ನು ಇಡಲು ನನಗೆ ಧೈರ್ಯ ಬಂದುದು ಆ ಕಾರಣದಿಂದ.

ಹೃದಯವನ್ನು ತೆರೆದು ಚಿಕಿತ್ಸೆ ಮಾಡುವಲ್ಲಿ ಮೊದಲ ತೊಡಕು ವಿಚಿತ್ರವಾದುದು. ರಕ್ತ ಸುರಿಯದಂತೆ ನೋಡಿಕೊಳ್ಳುವ ಮುನ್ನ ಅದು ಹೆಪ್ಪುಗಟ್ಟದಂತೆ ನೋಡಿಕೊಳ್ಳಬೇಕು. ಹೃದಯವನ್ನು ನಿಲ್ಲಿಸಿ ಕೆಲಸ ಮಾಡುವಷ್ಟು ಹೊತ್ತೂ ದೇಹದ ರಕ್ತವೆಲ್ಲ ಹೃದಯ-ಶ್ವಾಸಕೋಶ ಯಂತ್ರದೊಳಗೆ ಹರಿದು ಬರತಕ್ಕದ್ದು. ರಕ್ತವಾದರೋ ನಾಳದ ಒಳಮೈಯನ್ನಲ್ಲದೆ ಬೇರೆ ಯಾವ ಮೇಲ್ಮೈಯನ್ನು ಸೋಂಕಿದರೂ ಹೆಪ್ಪುಗಟ್ಟುವ ಸ್ವಭಾವವುಳ್ಳದ್ದು. ಈ ತೊಡಕನ್ನು ಬಿಡಿಸಿದ ಹೆಪಾರಿನ್ ಎಂಬ ದ್ರವ್ಯವು ದೊರೆತುದು ತಲೆಕೆಳಗಾದ ಹುಡುಕಾಟದಿಂದ. ೧೯೧೬ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿಯು ವಿಲಿಯಂ ಹೋವೆಲ್ ಎಂಬ ಆಚಾರ್ಯರ ಕೈಕೆಳಗೆ ಕೆಲಸಕ್ಕೆ ಕುಳಿತನು. ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಪ್ರಾಣಿಗಳ ಅವಯವಗಳಿಂದ ಶೋಧಿಸಿ ತೆಗೆಯುವುದು ಆತನಿಗೆ ಗೊತ್ತುಮಾಡಿದ ಕೆಲಸ. ನಾಯಿಯ ಯಕೃತ್ತಿನಿಂದ ತೆಗೆದ ಸಾರವೊಂದು ರಕ್ತವನ್ನು ಗಟ್ಟಿಮಾಡುವ ಬದಲು ಗಟ್ಟಿಯಾಗಲು ಬಿಡದೆ ಇದ್ದಿತು. ಆಚಾರ್ಯರು ನಂಬಲಿಲ್ಲ. ಆಗ ಆತನು ಬೆಕ್ಕಿನ ರಕ್ತ ತುಂಬಿದ ಪಾತ್ರೆಯಲ್ಲಿ ಆ ಸಾರವನ್ನು ಕಲಸಿ ಅವರ ಮೇಜಿನ ಮೇಲಿಟ್ಟು, ಇದು ಹೆಪ್ಪುಗಟ್ಟಿದಾಗ ನನ್ನನ್ನು ಕರೆಯಿರಿ ಎಂದು ಹೇಳಿಹೋದನೆಂದೂ, ಅದು ಹೆಪ್ಪುಗಟ್ಟಲೇ ಇಲ್ಲವೆಂದೂ ಆತನೇ ಬಹುಕಾಲದ ಮೇಲೆ ಬರೆದಿಟ್ಟಿದ್ದಾನೆ. ಯಕೃತ್ತಿಗಿರುವ ಗ್ರೀಕ್ ಹೆಸರಿನಿಂದ ಹೋವೆಲ್ಲರು ೧೯೧೮ರಲ್ಲಿ ಹೆಪಾರಿನ್ ಎಂಬ ಪದವನ್ನು ಕಟ್ಟಿದರು. ಮೆಕ್ಲೀನನ ಸಾರವೂ ಇಂದು ಹೆಪಾರಿನ್ ಎಂದು ಕರೆಯುವ ವಸ್ತುವೂ ಒಂದೇ ಅಲ್ಲವೆಂದು ಬಲ್ಲವರು ಹೇಳುವರು: ಮೊದಲನೆಯದು ಕೊಬ್ಬಿನ ಜಾತಿಯದು, ಎರಡನೆಯದು ನೀರಿನಲ್ಲಿ ಕರಗುವ ಶರ್ಕರಜಾತಿಯದು. ಕೀರ್ತಿ ಯಾರಿಗೆ ಸಲ್ಲತಕ್ಕದ್ದೆಂಬ ವಿವಾದವು ಮೆಕ್ಲೀನನ ಜೀವಮಾನವಿಡೀ ನಡೆಯಿತು. ಕರ್ತೃತ್ವದ ಜಗಳಗಳು ನಮ್ಮ ಕವಿಚರಿತ್ರೆಗೆ ಮಾತ್ರ ಮೀಸಲಲ್ಲ.

೧೯೩೦ರ ದಶಕದ ಆದಿಯಲ್ಲಿ ಬಾಸ್ಟನ್ ನಗರದಲ್ಲಿ ಜಾನ್ ಗಿಬ್ಬನ್ ಎಂಬ ತರುಣ ಶಸ್ತ್ರವೈದ್ಯರು, ಶ್ವಾಸಕೋಶದ ನಾಳಕ್ಕೆ ಹೆಪ್ಪು ಸಿಕ್ಕಿಕೊಂಡ ಹೆಂಗಸೊಬ್ಬಳು ರಾತ್ರಿಯೆಲ್ಲ ಒದ್ದಾಡಿ ಪ್ರಾಣ ಬಿಟ್ಟುದನ್ನು ಪಕ್ಕದಲ್ಲಿ ಕುಳಿತು ಕಂಡರು. ರಕ್ತವನ್ನು ಹೊರಗೆ ತೆಗೆದು, ಅದಕ್ಕೆ ಪ್ರಾಣವಾಯುವನ್ನು ಕೂಡಿಸಿ, ಮತ್ತೆ ಒಳಗೆ ಬಿಡಬಹುದಾದರೆ ಇವಳು ಉಳಿಯುತ್ತಿದ್ದಳೆಂಬ ಯೋಚನೆಯು ಅವರನ್ನು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ದುಡಿಸಿತು. ೧೯೫೩ನೆಯ ಇಸವಿಯ ಮೇ ೬ರಂದು ಫಿಲಡೆಲ್ಫಿಯಾದಲ್ಲಿ ಹದಿನೆಂಟು ವರ್ಷದ ಯುವತಿಯೊಬ್ಬಳ ಹೃದಯದ ಗೋಡೆಯಲ್ಲಿದ್ದ ರಂಧ್ರವನ್ನು ಅವರು ತಮ್ಮ ಯಂತ್ರದ ನೆರವಿನಿಂದ ಮುಚ್ಚಿದರು. ಇಪ್ಪತ್ತಾರು ನಿಮಿಷಗಳ ಕಾಲ ಅವಳ ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಯಂತ್ರವೇ ಮಾಡಿತು. ಯಂತ್ರ ಹುಟ್ಟಿದುದು ಒಂದು ಹೆಪ್ಪಿನ ದೆಸೆಯಿಂದ. ನಡೆದುದು ಹೆಪ್ಪನ್ನು ತಡೆಯುವ ಹೆಪಾರಿನ್ನಿನ ದೆಸೆಯಿಂದ. ಆಮೇಲಿನ ರೋಗಿಗಳು ಉಳಿಯದೆ ಹೋದುದರಿಂದ ಗಿಬ್ಬನ್ನರು ಆ ಕೆಲಸವನ್ನು ಕೈಬಿಟ್ಟರೂ, ಮಿನೆಸೋಟಾ ಪ್ರಾಂತದ ಕಿರ್ಕ್ಲಿನ್, ಲಿಲ್ಲೆಹೈ ಮೊದಲಾದವರು ಅದನ್ನು ಮುಂದುವರಿಸಿದರು.

ಚಿಕಿತ್ಸೆ ಮುಗಿದ ಮೇಲೆ ಹೆಪಾರಿನ್ನಿನ ಪ್ರಭಾವವನ್ನು ಇಳಿಸಬೇಕಲ್ಲವೆ? ಅದಕ್ಕೆ ಪ್ರೋಟಮೀನ್ ಎಂಬುದುಂಟು. ಬಾಸೆಲ್ ನಗರದ ಮೀಷರ್ ಎಂಬವರು ೧೮೭೪ರಲ್ಲಿ ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯದಲ್ಲಿ ಇದನ್ನು ಕಂಡು ಹೆಸರಿಟ್ಟರು. ಅದು ಹೆಪಾರಿನ್ನನ್ನು ನಿರ್ವೀರ್ಯಗೊಳಿಸುವುದೆಂದು ೧೯೩೭ರಲ್ಲಿ ಚಾರ್ಗಾಫ್, ಓಲ್ಸನ್ ಎಂಬಿಬ್ಬರು ತೋರಿಸಿದರು. ಇದರೊಡನೆ ಲೆಕ್ಕ ಸರಿಹೋಗಬೇಕಾಗಿತ್ತು. ಆದರೆ ಪ್ರೋಟಮೀನನ್ನು ತಕ್ಕಷ್ಟು ಕೊಟ್ಟ ಮೇಲೂ, ಗಂಟುಗಳನ್ನೆಲ್ಲ ಬಿಗಿದ ಮೇಲೂ, ಹಲವರ ಎದೆಯೊಳಗೆ ರಕ್ತವು ಒಸರುತ್ತಲೇ ಇರುತ್ತಿದ್ದಿತು. ಯಂತ್ರದೊಳಗೆ ಮೊದಲೇ ತುಂಬಿದ ದ್ರವದಿಂದ ರಕ್ತ ತೆಳುವಾಗುವುದು, ಹೆಪ್ಪಿಗೆ ಮೊದಲ ಕಲ್ಲಿಡುವ ಕಿರುಬಿಲ್ಲೆಗಳು ಯಂತ್ರದ ಮೈಗೆ ತಗಲಿ ನಿಸ್ಸಾರವಾಗುವುದು, ದೇಹವನ್ನು ತಂಪುಮಾಡುವುದು, ಇವೆಲ್ಲ ಕಾರಣಗಳೇ. ಇಲ್ಲಿ ಸುಶ್ರುತನ ವಚನಕ್ಕೆ ವಿರೋಧ ಬಂದಂತೆ ತೋರುವುದು: ಅವನು ತಂಪಿನಿಂದ ಸ್ಕಂದನವೆಂದನು, ಇವರು ತಂಪಿನಿಂದ ಸ್ಕಂದನಕ್ಕೆ ಕೇಡೆನ್ನುವರು. ವಿಷಯಭೇದದಿಂದ ವಿರೋಧವು ಪರಿಹಾರವಾಗುವುದೆಂದು ನನ್ನ ಎಣಿಕೆ. ಗಾಯದ ಮೇಲಷ್ಟೇ ಇಟ್ಟ ತಂಪು ಅಲ್ಲಿನ ಸಿರೆಗಳನ್ನು ಕುಗ್ಗಿಸಿ ಸ್ರಾವವನ್ನು ತಗ್ಗಿಸುವುದು. ದೇಹವೆಲ್ಲ ತಣ್ಣಗಾದಾಗ ಹೆಪ್ಪುಗಟ್ಟಿಸುವ ಪರಿಕರಗಳೇ ಜಡವಾಗುವುವು.

ಇವೆಲ್ಲಕ್ಕೂ ಮಿಗಿಲಾದ ಇನ್ನೊಂದು ಕಾರಣವಿದ್ದಿತು. ಪ್ರಕೃತ ಲೇಖನವು ಅದನ್ನು ಕುರಿತದ್ದು. ರಕ್ತವು ಹೆಪ್ಪುಗಟ್ಟುವುದೆಂದರೆ ಫೈಬ್ರಿನ್ ಎಂಬ ಸಣ್ಣ ನೂಲುಗಳು ಹೆಣೆದು ಬಲೆಯಾಗುವುದು. ದೇಹವು ನೇಯುವುದನ್ನು ಮಾತ್ರವಲ್ಲದೆ ಬಿಚ್ಚುವುದನ್ನೂ ಬಲ್ಲುದು. ಹಾಗಿಲ್ಲದಿದ್ದರೆ ಒಂದೊಂದು ಗಾಯಕ್ಕೂ ಕಟ್ಟಿದ ಹೆಪ್ಪು ಕಡೆತನಕ ನಾಳದಲ್ಲಿಯೇ ನಿಲ್ಲುತ್ತಿತ್ತು. ನೂಲನ್ನು ಕತ್ತರಿಸುವ ವಸ್ತುವಿಗೆ ಪ್ಲಾಸ್ಮಿನ್ ಎಂದು ಹೆಸರು. ಅದು ಪ್ಲಾಸ್ಮಿನೋಜನ್ ಎಂಬ ಮುಚ್ಚಿದ ರೂಪದಲ್ಲಿ ರಕ್ತದಲ್ಲಿ ಯಾವಾಗಲೂ ಅಲೆದಾಡುತ್ತಿದ್ದು, ಫೈಬ್ರಿನ್ ನೂಲಿನಲ್ಲಿರುವ ಲೈಸೀನ್ ಎಂಬ ಅಂಶವನ್ನು ತನ್ನ ಹಿಡಿಗಳಿಂದ ಹಿಡಿದುಕೊಂಡು ಅಲ್ಲಿ ಬಾಯ್ದೆರೆಯುವುದು. ಯಂತ್ರದಲ್ಲಿ ಹಾದುಬಂದ ರಕ್ತದಲ್ಲಿ ಈ ಬಿಚ್ಚುವ ಕೆಲಸವು ಮಿತಿಮೀರುವುದು. ಶಸ್ತ್ರವೈದ್ಯನು ಮೇಲೆ ಕಟ್ಟುತ್ತ ಬರಲು ಕೆಳಗೆ ಅದು ಕರಗುತ್ತ ಹೋಗುವುದು. ಹೆಪಾರಿನ್ ನೇಯಲು ಬಿಡದ ದ್ರವ್ಯ; ನಮಗೆ ಬೇಕಾದುದು ಬಿಚ್ಚಲು ಬಿಡದ ದ್ರವ್ಯ. ಆದುದರಿಂದ ಈ ಮದ್ದುಗಳನ್ನು ರಕ್ತಸ್ತಂಭಕವೆಂದು ಕರೆಯುವುದು ಸ್ಥೂಲವಾದ ಮಾತು. ಸ್ಕಂದಕವೆಂದರಂತೂ ತಪ್ಪೇ ಆಗುವುದು. ಸ್ಕಂದರಕ್ಷಕವೆಂದೋ, ಅಚ್ಚಗನ್ನಡದಲ್ಲಿ ಹೆಪ್ಪುಗಾಪೆಂದೋ ಕರೆದರೆ ಅರ್ಥವು ಸರಿಯಾಗಿ ಕೂಡುವುದು. ಪಾರಿಭಾಷಿಕ ಪದಗಳನ್ನು ಕಟ್ಟುವವರು ಇದನ್ನು ಪರಿಶೀಲಿಸಬಹುದು.

ಬಿಚ್ಚುವ ಕೈಯನ್ನು ತಡೆಯುವ ದಾರಿಗಳು ಎರಡು. ಕತ್ತರಿಯ ಬಾಯಿಗೆ ಮರದ ತುಂಡನ್ನು ಕಚ್ಚಿಸಿಬಿಡುವುದು ಒಂದು. ಕತ್ತರಿಯು ಬಟ್ಟೆಯ ಹತ್ತಿರ ಬರದಂತೆ ಅದನ್ನು ಹಿಡಿದ ಕೈಗೇ ಬೇರೊಂದನ್ನು ಕೊಟ್ಟು ಕೂರಿಸುವುದು ಇನ್ನೊಂದು. ಮೊದಲನೆಯ ದಾರಿಯದು ಅಪ್ರೋಟಿನಿನ್. ಎರಡನೆಯ ದಾರಿಯವು ಎಪ್ಸಿಲಾನ್ ಅಮೈನೋಕ್ಯಾಪ್ರೋಯಿಕ್ ಆಮ್ಲ, ಟ್ರಾನೆಕ್ಸಾಮಿಕ್ ಆಮ್ಲ ಎಂಬ ಎರಡು. ಎರಡನೆಯ ದಾರಿಯ ಕಥೆಯೇ ಹೆಚ್ಚು ಕೇಳತಕ್ಕದ್ದಾಗಿರುವುದರಿಂದ ಅದನ್ನು ಮೊದಲು ಹೇಳುವೆನು.

ಯುದ್ಧದಲ್ಲಿ ಸೋತು ಬೂದಿಯಾಗಿದ್ದ ಟೋಕಿಯೋ ನಗರದ ಕೇಯೋ ವಿಶ್ವವಿದ್ಯಾನಿಲಯದಲ್ಲಿ ಓಕಮೋಟೋ ಶೋಸುಕೆ, ಓಕಮೋಟೋ ಉತಾಕೋ ಎಂಬ ದಂಪತಿಗಳಿದ್ದರು. ಉತಾಕೋ ೧೯೧೮ರಲ್ಲಿ ಹುಟ್ಟಿ ೧೯೪೧ರಲ್ಲಿ ವೈದ್ಯಪದವಿಯನ್ನು ಪಡೆದವರು. ಹೆರಿಗೆಯ ಬಳಿಕ ರಕ್ತ ನಿಲ್ಲದೆ ತಾಯಂದಿರು ಸಾಯುತ್ತಿದ್ದ ಕಾಲವದು; ಅದಕ್ಕೊಂದು ಮದ್ದನ್ನು ಕಾಣುವುದು ಇವರ ಸಂಕಲ್ಪ. ಸಂಶೋಧನೆಗೆ ಹಣವಿರಲಿಲ್ಲ, ಸಾಮಗ್ರಿಯಿರಲಿಲ್ಲ. ರಕ್ತವನ್ನೇ ವಿಷಯವಾಗಿ ಆರಿಸಿಕೊಂಡುದಕ್ಕೆ ಉತಾಕೋ ಮುದಿತನದಲ್ಲಿ ಹೇಳಿದ ಕಾರಣ ಬಹು ಸರಳ: ಬೇರೆಲ್ಲಿಯೂ ದೊರೆಯದಿದ್ದರೆ ತಮ್ಮ ಮೈಯ ರಕ್ತವನ್ನೇ ತೆಗೆದುಕೊಳ್ಳಬಹುದಷ್ಟೆ! ಮಗುವನ್ನು ನೋಡಿಕೊಳ್ಳುವವರಿಲ್ಲದಾಗ ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಶಾಲೆಯಲ್ಲಿ ನಿಲ್ಲುತ್ತಿದ್ದರಂತೆ. ವಿದ್ವತ್ಸಭೆಯೊಂದರಲ್ಲಿ ಇವರು ಮಾತನಾಡಲು ಎದ್ದಾಗ, ನೃತ್ಯ ಮಾಡುವೆಯೋ ಎಂದು ಪುರುಷರು ಹಾಸ್ಯ ಮಾಡಿದುದನ್ನೂ ಅವರೇ ನೆನೆದಿದ್ದಾರೆ.

ಲೈಸೀನನ್ನೇ ರಕ್ತಕ್ಕೆ ಹಾಕಿ ನೋಡಿದಾಗ ಹೆಪ್ಪು ಕರಗುವುದು ನಿಧಾನವಾಯಿತು. ಪ್ಲಾಸ್ಮಿನೋಜನ್ನಿನ ಹಿಡಿಗೆ ನೂಲಿನಲ್ಲಿರುವ ಲೈಸೀನಿಗೂ ನೀರಿನಲ್ಲಿ ತೇಲುವ ಲೈಸೀನಿಗೂ ಭೇದ ತಿಳಿಯದು. ಬೀಗದ ಕಂಡಿಯಲ್ಲಿ ಮೇಣ ತುಂಬಿದಂತೆ ಅದು ಮುಚ್ಚಿಹೋಗುವುದು. ಆದರೆ ಆ ಬಲ ಸಾಲದು. ಲೈಸೀನನ್ನು ಹೋಲುವ ವಸ್ತುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋಗಿ ೧೯೫೦ರ ದಶಕದಲ್ಲಿ ಅಮೈನೋಕ್ಯಾಪ್ರೋಯಿಕ್ ಆಮ್ಲವನ್ನು ಕಂಡರು. ಅಲ್ಲಿಗೂ ನಿಲ್ಲದೆ, ಅದಕ್ಕಿಂತ ಹಲವು ಪಟ್ಟು ಬಲವುಳ್ಳ ಇನ್ನೊಂದನ್ನು ಕುರಿತು ೧೯೬೨ರಲ್ಲಿ ಕೇಯೋ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಟ್ರಾನೆಕ್ಸಾಮಿಕ್ ಆಮ್ಲವೆಂದು ಮುಂದೆ ಹೆಸರಾದುದು ಇದೇ. ಉತಾಕೋ ಆಮೇಲೆ ಕೋಬೆ ನಗರಕ್ಕೆ ಹೋಗಿ ನೆಲೆಸಿದರು. ಯಾರಿಗಾಗಿ ಆ ಮದ್ದನ್ನು ಹುಡುಕಿದ್ದರೋ ಆ ಬಾಣಂತಿಯರ ಮೇಲೆ ಅದನ್ನು ಪರೀಕ್ಷಿಸಿ ನೋಡಿರೆಂದು ಅಲ್ಲಿನ ಪ್ರಸೂತಿವೈದ್ಯರನ್ನು ಎಷ್ಟು ಬೇಡಿದರೂ ಅವರು ಒಪ್ಪಲಿಲ್ಲ.

ಇನ್ನು ಅಪ್ರೋಟಿನಿನ್. ಇದರ ಚರಿತ್ರೆಯು ಒಂದೇ ಕಾವ್ಯವು ಎರಡು ಓಲೆಗಟ್ಟುಗಳಲ್ಲಿ ಎರಡು ಹೆಸರಿನಿಂದ ಸಿಕ್ಕಿದಂತಿದೆ. ೧೯೩೦ರಲ್ಲಿ ಜರ್ಮನಿಯ ಕ್ರೌಟ್, ಫ್ರೈ, ವೆರ್ಲೆ ಎಂಬವರು ದನದ ಗ್ರಂಥಿಗಳಲ್ಲಿ ಕ್ಯಾಲಿಕ್ರೀನ್ ಎಂಬುದನ್ನು ಅಡಗಿಸುವ ವಸ್ತುವೆಂದು ಇದನ್ನು ವರ್ಣಿಸಿದರು. ೧೯೩೬ರಲ್ಲಿ ಅಮೆರಿಕದ ಕ್ಯೂನಿಟ್ಸ್, ನಾರ್ಥ್ರಪ್ ಎಂಬವರು ದನದ ಮೇದೋಜೀರಕದಲ್ಲಿ ಟ್ರಿಪ್ಸಿನ್ ಎಂಬ ಪಾಚಕವನ್ನು ಅಡಗಿಸುವ ವಸ್ತುವೆಂದು ಬೇರೊಂದನ್ನು ಹೇಳಿದರು. ಎರಡೂ ಒಂದೇ ಎಂದು ನಿಶ್ಚಯವಾಗಲು ೧೯೬೦ರ ದಶಕವು ಬರಬೇಕಾಯಿತು. ಐವತ್ತೆಂಟು ಅಮೈನೋ ಆಮ್ಲಗಳ ಈ ಪುಟ್ಟ ಮಾಲೆಯನ್ನು ದನದ ಶ್ವಾಸಕೋಶದಿಂದ ತೆಗೆದು, ಬೇಯರ್ ಎಂಬ ಜರ್ಮನ್ ಕಂಪೆನಿಯವರು ೧೯೫೯ರಲ್ಲಿ ಟ್ರಾಸಿಲಾಲ್ ಎಂಬ ಹೆಸರಿನಿಂದ ಮೇದೋಜೀರಕದ ಉರಿಯೂತಕ್ಕೆ ಮದ್ದೆಂದು ಮಾರಲು ತೊಡಗಿದರು. ನಾಯಿಯ ಯಕೃತ್ತು, ಮೀನಿನ ವೀರ್ಯ, ದನದ ಶ್ವಾಸಕೋಶ! ಇಂಥ ಪಟ್ಟಿಯನ್ನು ಬರೆಯುವಾಗ ಪಾಠಶಾಲೆಯ ಹಳೆಯ ಗುರುಗಳ ಮುಖವು ನನ್ನ ಕಣ್ಣ ಮುಂದೆ ಬರುವುದು. ಟ್ರಾನೆಕ್ಸಾಮಿಕ್ ಆಮ್ಲವನ್ನಾದರೂ ರಸಾಯನಶಾಲೆಯಲ್ಲಿ ಕಟ್ಟುವರು.

ಹೃದಯಚಿಕಿತ್ಸೆಗೆ ಈ ಮದ್ದುಗಳು ಹೊಂದುವುವೆಂದು ಮೊದಲು ಯಾರಿಗೆ ಹೊಳೆಯಿತು? ಈಚಿನ ಲೇಖನಗಳನ್ನಷ್ಟೇ ನೋಡಿದರೆ ೧೯೮೭ ಎಂಬ ಉತ್ತರ ಬರುವುದು. ಹಿಂದಿನ ಸಂಪುಟಗಳನ್ನು ತೆರೆದರೆ ಹಾಗಿಲ್ಲ. ೧೯೬೪ರಲ್ಲಿಯೇ ಟೈಸ್ ಮತ್ತು ಅವರ ಸಂಗಡಿಗರು ಹೃದಯ ರಕ್ತನಾಳಗಳ ಶಸ್ತ್ರಕ್ರಿಯೆಯಲ್ಲಿ ಹೆಪ್ಪು ಕರಗುವುದನ್ನು ಟ್ರಾಸಿಲಾಲ್ ತಡೆಯುವುದರ ಬಗ್ಗೆ ಬರೆದಿದ್ದರು. ೧೯೬೭ರಲ್ಲಿ ಸ್ಟರ್ನ್ಸ್ ಮತ್ತು ಮೇಲೆ ಹೇಳಿದ ಲಿಲ್ಲೆಹೈ ಇವರು ಅಮೈನೋಕ್ಯಾಪ್ರೋಯಿಕ್ ಆಮ್ಲದ ವಿಷಯವನ್ನು ೩೪೦ ಮಂದಿ ಹೃದಯರೋಗಿಗಳಲ್ಲಿ ಪರಿಶೀಲಿಸಿ ಕೆನಡಾ ದೇಶದ ಶಸ್ತ್ರವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಆಮೇಲೆ ಇಪ್ಪತ್ತು ವರ್ಷ ಈ ಮಾತು ಬಹುಮಟ್ಟಿಗೆ ಮಲಗಿಬಿಟ್ಟಿತು.

ಎಬ್ಬಿಸಿದುದು ಇನ್ನೊಂದು ಆಕಸ್ಮಿಕ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ರಾಯ್‌ಸ್ಟನ್ ಮೊದಲಾದವರು ಯಂತ್ರದಿಂದ ಶ್ವಾಸಕೋಶಕ್ಕೆ ಆಗುವ ಉರಿಯೂತವನ್ನು ತಗ್ಗಿಸಲೆಂದು ಅಪ್ರೋಟಿನಿನ್ನನ್ನು ಬಹು ದೊಡ್ಡ ಪ್ರಮಾಣದಲ್ಲಿ ಕೊಟ್ಟರು. ಎದೆಯೊಳಗು ಎಂದಿನಂತೆ ರಕ್ತಮಯವಾಗಿರದೆ ಒಣಗಿದಂತಿದ್ದುದನ್ನು ಕಂಡು ಶಸ್ತ್ರವೈದ್ಯರು ಬೆರಗಾದರು. ಹಿಂದೊಮ್ಮೆ ಚಿಕಿತ್ಸೆಯಾಗಿ ಮತ್ತೆ ಎದೆ ತೆರೆಸಿಕೊಂಡವರಲ್ಲಿ ಸ್ರಾವವು ಅತಿಶಯವಾಗಿರುವುದರಿಂದ ಅಂಥ ಇಪ್ಪತ್ತೆರಡು ಮಂದಿಯನ್ನು ತೆಗೆದುಕೊಂಡು, ಅರ್ಧದಷ್ಟು ಜನರಿಗೆ ಮದ್ದು ಕೊಟ್ಟು, ೧೯೮೭ರ ದಶಂಬರದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದರು. ಮದ್ದಿಲ್ಲದವರು ಕಳೆದುಕೊಂಡ ರಕ್ತ ಸರಾಸರಿ ೧೫೦೯ ಮಿಲಿಲೀಟರು. ಮದ್ದು ಪಡೆದವರದು ೨೮೬. ಒಬ್ಬ ಮನುಷ್ಯನ ಮೈಯಲ್ಲಿರುವುದು ಸುಮಾರು ಐದು ಲೀಟರು ರಕ್ತವೆಂಬುದನ್ನು ನೆನೆದರೆ ಈ ಅಂತರದ ಬೆಲೆಯು ತಿಳಿಯುವುದು. (ಇದಕ್ಕೆ ಒಂದು ವರ್ಷ ಮೊದಲು ಡೆಸ್ಮೋಪ್ರೆಸ್ಸಿನ್ ಎಂಬ ಇನ್ನೊಂದು ಮದ್ದು ಎಪ್ಪತ್ತು ಮಂದಿಯ ಪರೀಕ್ಷೆಯಲ್ಲಿ ಗೆದ್ದು ಹೆಸರು ಪಡೆದಿತ್ತು, ಅನಂತರದ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ.) ೧೯೯೩ರಲ್ಲಿ ಅಮೆರಿಕದ ಔಷಧಾಧಿಕಾರಿಗಳು ಅಪ್ರೋಟಿನಿನ್ನಿಗೆ ಒಪ್ಪಿಗೆಯಿತ್ತರು.

ಇಲ್ಲಿಂದ ಮುಂದಿನದು ನನ್ನ ಮನಸ್ಸನ್ನು ಬಹಳ ಕಲಕಿದ ಭಾಗ. ಅಪ್ರೋಟಿನಿನ್ ಸ್ರಾವವನ್ನು ತಗ್ಗಿಸುವುದೋ ಇಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ೧೯೮೭ರಿಂದ ೨೦೦೨ರ ವರೆಗೆ ಅರುವತ್ತನಾಲ್ಕು ಪರೀಕ್ಷೆಗಳು ಪ್ರಕಟವಾದುವು. ಅವುಗಳಲ್ಲಿ ಸೇರಿದ ರೋಗಿಗಳು ೮೦೪೦. ಕೆನಡಾದ ಫರ್ಗುಸನ್ ಮತ್ತು ಸಂಗಡಿಗರು ಇವನ್ನೆಲ್ಲ ಕಾಲಾನುಕ್ರಮವಾಗಿ ಜೋಡಿಸಿ, ಒಂದೊಂದನ್ನೂ ಹಿಂದಿನವುಗಳಿಗೆ ಕೂಡಿಸುತ್ತ ಲೆಕ್ಕ ಹಾಕಿ, ೨೦೦೫ರಲ್ಲಿ ಒಂದು ಲೇಖನವನ್ನು ಬರೆದರು. ೧೯೯೨ರ ಜೂನ್ ತಿಂಗಳಲ್ಲಿ ಹೊರಟ ಹನ್ನೆರಡನೆಯ ಪರೀಕ್ಷೆಯೊಡನೆಯೇ ಉತ್ತರವು ಸ್ಥಿರವಾಗಿದ್ದಿತು. ಉಳಿದ ಐವತ್ತೆರಡು ಅದನ್ನು ಕದಲಿಸಲಿಲ್ಲ. ಹಾಗಾದರೆ ಅವನ್ನು ಏಕೆ ಮಾಡಿದರು? ಲೇಖನಗಳ ಕೊನೆಯಲ್ಲಿ ಕೊಟ್ಟಿರುವ ಆಧಾರಗ್ರಂಥಗಳ ಪಟ್ಟಿಗಳನ್ನು ಅವರು ಪರಿಶೀಲಿಸಿದರು. ತಮಗಿಂತ ಹಿಂದೆ ನಡೆದ ಪರೀಕ್ಷೆಗಳಲ್ಲಿ ಐದರಲ್ಲೊಂದು ಪಾಲನ್ನು ಮಾತ್ರ ಇವರು ಸಾಮಾನ್ಯವಾಗಿ ಉದಾಹರಿಸಿದ್ದರು. ಎಲ್ಲಕ್ಕೂ ದೊಡ್ಡದಾದ ಪರೀಕ್ಷೆಯನ್ನು, ಅದು ಹೊರಟು ಒಂದು ವರ್ಷ ಕಳೆದ ಮೇಲೆ ಬರೆದ ನಲವತ್ತನಾಲ್ಕು ಲೇಖನಗಳಲ್ಲಿ ಏಳು ಮಾತ್ರ ಹೆಸರಿಸಿದ್ದುವು. ಮೀಮಾಂಸೆಯಲ್ಲಾಗಲಿ ವೇದಾಂತದಲ್ಲಾಗಲಿ ಪೂರ್ವಪಕ್ಷವನ್ನು ಇಷ್ಟು ಅಲಕ್ಷ್ಯದಿಂದ ಕಂಡವನನ್ನು ವಾಕ್ಯಾರ್ಥಸಭೆಯ ಹೊಸಲು ದಾಟಗೊಡರು. ತಪ್ಪು ಇಷ್ಟಕ್ಕೇ ನಿಲ್ಲುವುದೂ ಇಲ್ಲ. ಈ ಪರೀಕ್ಷೆಗಳಲ್ಲಿ ಮದ್ದಿಲ್ಲದ ಪಕ್ಕಕ್ಕೆ ಬಿದ್ದವರು, ಗುಣವುಂಟೆಂದು ಆಗಲೇ ತಿಳಿದಿದ್ದ ಉಪಚಾರವಿಲ್ಲದೆ ಹೆಚ್ಚು ರಕ್ತ ಕಳೆದುಕೊಂಡರು. ಕೇಳಬೇಕಾಗಿದ್ದ ನಿಜವಾದ ಪ್ರಶ್ನೆಯೋ ಬೇರೆ. ಬೆಲೆ ಹೆಚ್ಚಾದ ಅಪ್ರೋಟಿನಿನ್ ಮೇಲೋ, ಅಗ್ಗವಾದ ಓಕಮೋಟೋ ದಂಪತಿಗಳ ಆಮ್ಲಗಳು ಮೇಲೋ? ಕೊಲ್ಲದೆ ಕಾಯುವುದು ಯಾವುದು?

೨೦೦೬ರ ಜನವರಿಯಲ್ಲಿ ಮಂಗಾನೋ ಮೊದಲಾದವರು ೪೩೭೪ ರೋಗಿಗಳ ವೃತ್ತಾಂತಗಳನ್ನು ಪರಿಶೀಲಿಸಿ, ಅಪ್ರೋಟಿನಿನ್ ಪಡೆದವರಲ್ಲಿ ಮೂತ್ರಪಿಂಡಗಳು ಕೆಡುವುದು ಹೆಚ್ಚೆಂದೂ, ಅಮೈನೋಕ್ಯಾಪ್ರೋಯಿಕ್, ಟ್ರಾನೆಕ್ಸಾಮಿಕ್ ಆಮ್ಲಗಳಲ್ಲಿ ಆ ಕೇಡಿಲ್ಲವೆಂದೂ ಬರೆದರು. ಇದು ಚೀಟಿ ಎತ್ತಿ ಹಂಚಿದ ಪರೀಕ್ಷೆಯಲ್ಲ. ರೋಗ ಬಲವಾಗಿರುವವರಿಗೇ ಬಲವಾದ ಮದ್ದನ್ನು ಕೊಟ್ಟಿರಬಹುದೆಂಬ ಆಕ್ಷೇಪಕ್ಕೆ ಎಡೆಯುಂಟು. ಆ ವರ್ಷದ ಸೆಪ್ಟೆಂಬರ್ ೨೧ರಂದು ಅಮೆರಿಕದ ಅಧಿಕಾರಿಗಳು ಪಂಡಿತರ ಸಭೆಯನ್ನು ಕರೆದರು. ಸುಮಾರು ೬೭,೦೦೦ ರೋಗಿಗಳ ದಾಖಲೆಗಳನ್ನು ಕಂಪೆನಿಯವರೇ ಬೇರೊಬ್ಬರಿಂದ ಪರಿಶೀಲಿಸಿದ್ದರು. ಅದರ ಫಲವೂ ಮಂಗಾನೋ ಅವರ ಮಾತಿಗೆ ಅನುಕೂಲವಾಗಿಯೇ ಇತ್ತು. ಅದನ್ನು ಆ ಸಭೆಯ ಮುಂದಿಡಲಿಲ್ಲ. ಸಭೆ ಮುಗಿದು ಒಂದು ವಾರದೊಳಗೆ ಸಂಗತಿ ಹೊರಬಿದ್ದಿತು. ಓದದಿರುವುದು ಅಲಸತೆ, ಓದಿಯೂ ತೋರಿಸದಿರುವುದಕ್ಕೆ ಏನು ಹೆಸರಿಡಬೇಕೆಂಬುದನ್ನು ವಾಚಕರಿಗೇ ಬಿಡುವೆನು.

ನಿಜವಾದ ಪ್ರಶ್ನೆಯನ್ನು ಕೇಳಿದವರು ಮೇಲಣ ಫರ್ಗುಸನ್ನರ ತಂಡದವರೇ. ೨೦೦೨ರಲ್ಲಿ ಆರಂಭವಾಗಿ ಕೆನಡಾದ ಹತ್ತೊಂಬತ್ತು ಆಸ್ಪತ್ರೆಗಳಲ್ಲಿ ನಡೆದ ಬಾರ್ಟ್ ಎಂಬ ಪರೀಕ್ಷೆಯಲ್ಲಿ, ಅಪಾಯ ಹೆಚ್ಚಾಗಿರುವ ಶಸ್ತ್ರಕ್ರಿಯೆಗೆ ಬಂದವರಿಗೆ ಮೂರು ಮದ್ದುಗಳಲ್ಲೊಂದನ್ನು ಚೀಟಿ ಎತ್ತಿದಂತೆ ಹಂಚಿದರು. ೨೩೩೧ ಮಂದಿಯ ಲೆಕ್ಕ ಹೀಗಿದೆ: ಅತಿಸ್ರಾವವಾದವರು ಅಪ್ರೋಟಿನಿನ್ನಿನಲ್ಲಿ ನೂರಕ್ಕೆ ೯.೫, ಉಳಿದೆರಡರಲ್ಲಿಯೂ ೧೨.೧. ಮೂವತ್ತು ದಿನಗಳೊಳಗೆ ಸತ್ತವರು ಅಪ್ರೋಟಿನಿನ್ನಿನಲ್ಲಿ ನೂರಕ್ಕೆ ೬, ಟ್ರಾನೆಕ್ಸಾಮಿಕ್ ಆಮ್ಲದಲ್ಲಿ ೩.೯, ಅಮೈನೋಕ್ಯಾಪ್ರೋಯಿಕ್ ಆಮ್ಲದಲ್ಲಿ ೪. ರಕ್ತವನ್ನು ಎಲ್ಲಕ್ಕಿಂತ ಚೆನ್ನಾಗಿ ಕಾಯ್ದ ಮದ್ದು ಪ್ರಾಣವನ್ನು ಕಾಯಲಿಲ್ಲ. ೨೦೦೭ರ ಅಕ್ಟೋಬರಿನಲ್ಲಿ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ನವೆಂಬರ್ ೫ರಂದು ಕಂಪೆನಿಯವರು ಮಾರಾಟವನ್ನು ತಡೆಹಿಡಿದರು. ಚೀಟಿ ಎತ್ತಿದ ಮೇಲೆ ೧೩೭ ಮಂದಿಯನ್ನು ಲೆಕ್ಕದಿಂದ ಬಿಟ್ಟಿದ್ದಾರೆಂದೂ, ಆದುದರಿಂದ ನಿರ್ಣಯವು ದುರ್ಬಲವೆಂದೂ ಆಕ್ಷೇಪಗಳು ಎದ್ದು, ೨೦೧೧ರಲ್ಲಿ ಕೆನಡಾದವರೂ ೨೦೧೨ರಲ್ಲಿ ಯೂರೋಪಿನವರೂ ನಿರ್ಬಂಧಗಳೊಡನೆ ಅಪ್ರೋಟಿನಿನ್ನನ್ನು ಮರಳಿ ಬರಗೊಟ್ಟರು. ಈ ವಾದವು ತೀರಿತೆಂದು ಹೇಳಲಾಗದು. ಆದರೆ ಪ್ರಥಮಸ್ಥಾನವು ಅದರ ಕೈತಪ್ಪಿತೆಂಬುದರಲ್ಲಿ ಸಂಶಯವಿಲ್ಲ.

ಆ ಸ್ಥಾನಕ್ಕೆ ಬಂದುದು ೧೯೬೨ರ ಲೇಖನದ ಟ್ರಾನೆಕ್ಸಾಮಿಕ್ ಆಮ್ಲ. ಅದರಲ್ಲಿಯೂ ಭಯವಿಲ್ಲದಿರಲಿಲ್ಲ: ಗಾಯದ ಹೆಪ್ಪನ್ನು ಕಾಯುವ ಮದ್ದು, ಹೊಸದಾಗಿ ಹೊಲಿದ ಹೃದಯದ ನಾಳವನ್ನು ಮುಚ್ಚುವ ಹೆಪ್ಪನ್ನೂ ಕಾಯ್ದುಬಿಟ್ಟರೆ? ಏಳು ದೇಶಗಳಲ್ಲಿ ಹೃದಯದ ನಾಳಗಳ ಚಿಕಿತ್ಸೆ ಮಾಡಿಸಿಕೊಂಡ ೪೬೩೧ ಮಂದಿಯಲ್ಲಿ ಮೈಲ್ಸ್ ಮೊದಲಾದವರು ಇದನ್ನು ಹುಸಿಮದ್ದಿನೊಡನೆ ಹೋಲಿಸಿ ೨೦೧೭ರಲ್ಲಿ ಫಲವನ್ನು ಪ್ರಕಟಿಸಿದರು. ಮರಣವೋ, ಹೃದಯಾಘಾತ ಪಾರ್ಶ್ವವಾಯು ಮೊದಲಾದ ಹೆಪ್ಪಿನ ಕೇಡುಗಳೋ ಆದವರು ಮದ್ದಿನ ಪಕ್ಕದಲ್ಲಿ ನೂರಕ್ಕೆ ೧೬.೭, ಹುಸಿಮದ್ದಿನ ಪಕ್ಕದಲ್ಲಿ ೧೮.೧, ಭಯಕ್ಕೆ ಆಧಾರ ಸಿಕ್ಕಲಿಲ್ಲ. ಆಸ್ಪತ್ರೆಯಲ್ಲಿ ಏರಿಸಬೇಕಾಗಿ ಬಂದ ದಾನರಕ್ತ ಮತ್ತು ಅದರ ಅಂಶಗಳ ಚೀಲಗಳು ಹುಸಿಮದ್ದಿನವರಿಗೆ ೭೯೯೪, ಮದ್ದಿನವರಿಗೆ ೪೩೩೧. ಸ್ರ್ರಾವದ ತೊಂದರೆಯಿಂದ ಎದೆಯನ್ನು ಮತ್ತೆ ತೆರೆಯಬೇಕಾದುದು ನೂರಕ್ಕೆ ೨.೮ರಿಂದ ೧.೪ಕ್ಕೆ ಇಳಿಯಿತು. ಆದರೆ ಅಪಸ್ಮಾರದಂಥ ಸೆಳೆತಗಳು ನೂರಕ್ಕೆ ೦.೧ರಿಂದ ೦.೭ಕ್ಕೆ ಏರಿದುವು. ಹೀಗಾಗಿ ಪ್ರಮಾಣವೆಷ್ಟೆಂಬುದು ಮುಂದಿನ ಪ್ರಶ್ನೆಯಾಯಿತು. ೨೦೨೨ರಲ್ಲಿ ಚೀನಾ ದೇಶದವರು ೩೦೭೯ ಮಂದಿಯಲ್ಲಿ ಹೆಚ್ಚಿನ ಪ್ರಮಾಣವನ್ನೂ ಕಡಮೆಯದನ್ನೂ ಹೋಲಿಸಿದಾಗ, ದಾನರಕ್ತ ಬೇಕಾದವರು ಕ್ರಮವಾಗಿ ನೂರಕ್ಕೆ ೨೧.೮ ಮತ್ತು ೨೬ ಎಂದು ಕಂಡಿತು. ಸೆಳೆತಗಳು ಹೆಚ್ಚಿನ ಪ್ರಮಾಣದಲ್ಲಿ ೧, ಕಡಮೆಯದರಲ್ಲಿ ೦.೪. ನಮ್ಮ ಬಂಧುಗಳಿಗೆ ಕೊಟ್ಟುದೂ ಇದೇ ಮದ್ದು. ಅವರು ಈಗ ಬೆಳಗ್ಗೆ ಎರಡು ಮೈಲಿ ನಡೆಯುವರು.

ಹೃದಯದ ಶಸ್ತ್ರಶಾಲೆಯಲ್ಲಿ ಹೀಗೆ ನೆಲೆಗೊಂಡ ಮದ್ದು ಅಷ್ಟರಲ್ಲಿ ಅದರ ಹೊರಗೂ ನಡೆದಿತ್ತು. ಅಪಘಾತಗಳಿಂದ ಗಾಯಗೊಂಡ ೨೦,೨೧೧ ಮಂದಿಯಲ್ಲಿ, ನಲವತ್ತು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲವು ೨೦೧೦ರಲ್ಲಿ ಹೊರಟಿತು: ಮರಣವು ನೂರಕ್ಕೆ ೧೬ರಿಂದ ೧೪.೫ಕ್ಕೆ ತಗ್ಗಿತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯವರು ಅವಶ್ಯವಾದ ಔಷಧಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದರು. ಕಡೆಗೆ, ಹೆರಿಗೆಯ ಬಳಿಕ ರಕ್ತ ಸುರಿಯುತ್ತಿದ್ದ ೨೦,೦೬೦ ತಾಯಂದಿರಲ್ಲಿ, ಇಪ್ಪತ್ತೊಂದು ದೇಶಗಳಲ್ಲಿ, ಲಂಡನ್ನಿನ ಪಂಡಿತರು ಪರೀಕ್ಷೆಯನ್ನು ನಡೆಸಿದರು. ಅವರಲ್ಲಿ ಕೆಲವರು ಕೋಬೆಗೆ ಹೋಗಿ ಉತಾಕೋ ಅವರನ್ನು ಕಂಡು ಮಾತನಾಡಿ ಬಂದಿದ್ದರು. ಮೇಲೆ ಹೇಳಿದ ನೆನಪುಗಳೆಲ್ಲ ಹಾಗೆ ದೊರೆತವು. ಫಲವು ೨೦೧೭ರ ಏಪ್ರಿಲಿನಲ್ಲಿ ಪ್ರಕಟವಾಯಿತು. ಸ್ರಾವದಿಂದ ಸತ್ತವರು ಹುಸಿಮದ್ದಿನ ಪಕ್ಕದಲ್ಲಿ ೧೯೧, ಮದ್ದಿನ ಪಕ್ಕದಲ್ಲಿ ೧೫೫. ಉತಾಕೋ ಅವರು ಅದಕ್ಕೆ ಒಂದು ವರ್ಷ ಮೊದಲು, ೨೦೧೬ರ ಏಪ್ರಿಲ್ ತಿಂಗಳಲ್ಲಿ, ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು.